ಹಗ್ಗದ ಮೇಲೆಯೋ, ಅಡಿಯೋ

ನಮ್ಮ ಊರಿನ ಫುಟ್‌ಬಾಲಿನ ಸುದ್ದಿ ಬಂದರೆ ನನಗೆ ಪಿತ್ತ ನೆತ್ತಿಗೇರುತ್ತದೆ. ಮದುವೆಮನೆಯ ಪಂಕ್ತಿಯಲ್ಲಿ ಪಾಯಸ ಬರುವುದರೊಳಗೆ ಯಾರಾದರೊಬ್ಬ ಶುರು ಮಾಡಿಯೇ ಮಾಡುತ್ತಾನೆ. ಆ ಕಾಲದಲ್ಲಿ ನಮ್ಮ ಟೀಮಿನ ಬ್ಯಾಕು ಅಂದರೆ ಬ್ಯಾಕು, ನಾಲ್ಕು ವರ್ಷ ನಮ್ಮ ಗೋಲಿನೊಳಗೆ ಒಂದು ಚೆಂಡೂ ಹೋಗಲಿಲ್ಲ, ಪುತ್ತೂರಿನವರು ಬಂದು ಬರಿಗೈಯಲ್ಲಿ ಹೋದರು, ಕಾಣಿಯೂರಿನವರೂ ಹಾಗೇ ಹೋದರು. ಹೇಳುವವನು ಆಗ ಹುಟ್ಟಿಯೇ ಇರಲಿಲ್ಲ. ಹುಟ್ಟಿದ್ದವರು ಗದ್ದೆಯ ಆಚೆ ತುದಿಯಲ್ಲಿ ಕೂತು ನೆಲಗಡಲೆ ತಿನ್ನುತ್ತಿದ್ದರು. ಗೋಲಿನ ಹಿಂದೆ ನಿಂತು ನೋಡಿದವಳು ನಾನು. ನನ್ನನ್ನು ಯಾರೂ ಕೇಳುವುದಿಲ್ಲ. ಅದಕ್ಕೇ ಬರೆದು ಇಡುತ್ತಿದ್ದೇನೆ. ನಾನು ಶಾಲೆಗೆ ಹೋದದ್ದು ಎರಡೇ ಕ್ಲಾಸು. ಒತ್ತಕ್ಷರ ತಪ್ಪಿದ್ದರೆ ಓದುವವರು ಸರಿಮಾಡಿಕೊಳ್ಳಲಿ. ಚೆಂಡು ಎಲ್ಲಿ ಹೋಯಿತು ಎಂಬುದರಲ್ಲಿ ತಪ್ಪಿಲ್ಲ.

ಆಟದ ಮೇಲಿನ ಪ್ರೀತಿಯಿಂದ ನಾನು ಅಲ್ಲಿ ನಿಂತದ್ದಲ್ಲ. ನಮ್ಮ ಬಾವಿ ಹಗ್ಗಕ್ಕಾಗಿ ನಿಂತದ್ದು.

ಮದ್ರಾಸ್ ಸರಕಾರ ಹೋಗಿ ಮೈಸೂರು ಬಂದ ಹೊತ್ತು ಅದು. ಸುಗ್ಗಿ ಬೆಳೆ ಕೊಯ್ದ ಮೇಲೆ ನಮ್ಮ ಮನೆಯ ಕೆಳಗಿನ ಗದ್ದೆಯೇ ಮೈದಾನ. ಎರಡು ಅಡಿಕೆ ಮರದ ಕಂಬ ಹುಗಿದರೆ ಗೋಲು. ಮೇಲೆ ಅಡ್ಡಕ್ಕೆ ಮರ ಬೇಕೆಂದು ಯಾರಿಗೂ ಹೊಳೆಯಲಿಲ್ಲವೋ, ಹೊಳೆದರೂ ಉದಾಸೀನವೋ, ಹಗ್ಗ ಕಟ್ಟುತ್ತಿದ್ದರು. ದನ ಕಟ್ಟುವ ಹಗ್ಗ ಅಷ್ಟು ಉದ್ದ ಬರುವುದಿಲ್ಲ, ಬಾವಿ ಹಗ್ಗ ಬರುತ್ತದೆ. ಆಚೆ ಗೋಲಿಗೆ ಪಕ್ಕದ ಮನೆಯದ್ದು, ಈಚೆ ಗೋಲಿಗೆ ನಮ್ಮದು. ಪಕ್ಕದ ಮನೆಯವರಿಗೆ ಎರಡು ಹಗ್ಗ ಇತ್ತು, ನಮಗೆ ಒಂದೇ. ಆದಿತ್ಯವಾರ ಊಟವಾದ ಕೂಡಲೇ ನಮ್ಮವರು, ಅಂದರೆ ನನ್ನ ಗಂಡ, ರಾಟೆಯಿಂದ ಹಗ್ಗ ಬಿಚ್ಚಿಕೊಂಡು ಹೋದರೆ ಸಂಜೆಯವರೆಗೆ ಮನೆಯಲ್ಲಿ ನೀರಿಲ್ಲ. ಹಟ್ಟಿಯಲ್ಲಿ ದನ ಕೂಗುತ್ತಿತ್ತು, ಅತ್ತೆ ಅದಕ್ಕಿಂತ ಜೋರಾಗಿ ಕೂಗುತ್ತಿದ್ದರು. ಆಟ ಮುಗಿದ ಗಳಿಗೆಗೆ ಹಗ್ಗ ಬಿಚ್ಚಿ ತರಬೇಕಾದವಳು ನಾನು. ಮಗುವನ್ನು ಸೊಂಟಕ್ಕೆ ಏರಿಸಿ, ಕೊಡಪಾನ ಕಾಲಬುಡದಲ್ಲಿಟ್ಟು, ಗೋಲಿನ ಹಿಂದಿನ ಬದುವಿನ ಮೇಲೆ ನಿಂತಿರುತ್ತಿದ್ದೆ.

ನಮ್ಮ ಟೀಮು ಯಾವಾಗಲೂ ನಮ್ಮ ಮನೆಯ ಕಡೆಯ ಗೋಲನ್ನೇ ಕಾಯುವುದು. ಅರ್ಧ ಆಟಕ್ಕೆ ಕಡೆ ಬದಲಾಯಿಸಬೇಕೆಂದು ಆಗ ಯಾರಿಗೂ ಗೊತ್ತಿರಲಿಲ್ಲ, ಗೊತ್ತಿದ್ದ ಹೊರಗಿನವರು ಹೇಳಿದರೆ ನಮ್ಮಲ್ಲಿ ಹಾಗಿಲ್ಲ ಎಂದು ಬಾಯಿ ಮುಚ್ಚಿಸುತ್ತಿದ್ದರು. ಗೋಲಿನ ಮುಂದೆ ನಿಂತು ತಡೆಯುವ ಬ್ಯಾಕು ಇಬ್ಬರು. ನಮ್ಮವರು ಒಂದು ಬ್ಯಾಕು, ವೀಳ್ಯದೆಲೆ ವ್ಯಾಪಾರದ ಬ್ಯಾರಿಯೊಬ್ಬರು ಇನ್ನೊಂದು ಬ್ಯಾಕು. ಗೋಲು ಕಾಯುವ ಗೋಲಿ ನಮ್ಮ ಊರಿನ ದರ್ಜಿ, ತೆಂಗಿನ ಮರದ ಹಾಗೆ ಉದ್ದ. ಸೀಟಿ ಇದ್ದವನೇ ರೆಫರಿ. ಸೀಟಿ ಇದ್ದದ್ದು ಸುಳ್ಯದ ಬಸ್ಸಿನ ಕಂಡಕ್ಟರಿಗೆ.

ಕಂಡಕ್ಟರು ಗದ್ದೆಯ ನಡುವಿನಿಂದ ಓಡಿ ಬರುವಷ್ಟರಲ್ಲಿ ಚೆಂಡು ಹಿಂದಿನ ಗದ್ದೆಗೆ ಬಿದ್ದಿರುತ್ತಿತ್ತು, ಧೂಳು ಎದ್ದಿರುತ್ತಿತ್ತು. ಸೂರ್ಯ ಅವನ ಕಣ್ಣಿಗೇ ಹೊಡೆಯುವುದು. ಅವನು ನನ್ನನ್ನೇ ಕೇಳುವುದು: "ಅಕ್ಕ, ಹಗ್ಗದ ಮೇಲೆಯಾ, ಅಡಿಯಾ?"

ನಾನು ಕಂಡದ್ದನ್ನು ಹೇಳುವವಳು. "ಮೇಲೆ," ಎನ್ನುತ್ತಿದ್ದೆ. ಅವನು ಸೀಟಿ ಊದಿ ಗೋಲಿಲ್ಲ ಎಂದು ಕೈ ಬೀಸುತ್ತಿದ್ದ. ಬಂದ ಟೀಮಿನವರು ಗಲಾಟೆ ಮಾಡಿದರೆ, ಮಗು ಎತ್ತಿಕೊಂಡ ಹೆಂಗಸು ಸುಳ್ಳು ಹೇಳುತ್ತಾಳಾ ಎಂದು ನಮ್ಮ ಊರಿನವರೆಲ್ಲ ಮೇಲೆ ಬೀಳುತ್ತಿದ್ದರು. ಸುಳ್ಳು ನಾನು ಹೇಳಲೂ ಇಲ್ಲ.

ಗೋಲು ಬಿಡದ ಬ್ಯಾಕು ಎಂಬ ಹೆಸರು ಸಂಪಾಜೆಯವರೆಗೆ ಹೋಯಿತು. ಅಲ್ಲಿ ಮೇಲೆ ಒಂದು ರಬ್ಬರ್ ತೋಟ, ತೋಟಕ್ಕೆ ಒಂದು ಟೀಮು. ತೋಟದ ರೈಟರು, ಅಂದರೆ ಆಳುಗಳ ಹಾಜರಿ ಬರೆಯುವವರು, ಒಬ್ಬ ಒಳ್ಳೆಯ ಬ್ಯಾಕನ್ನು ಹುಡುಕುತ್ತಿದ್ದರು. ಸಿಕ್ಕಿದವನಿಗೆ ತೋಟದಲ್ಲಿ ಖಾಯಂ ಕೆಲಸ, ಇರಲು ಮನೆ. ನಮ್ಮವರು ಆಗ ಕಂಡವರ ತೋಟದಲ್ಲಿ ದಿನಗೂಲಿ, ಮಳೆಗಾಲದಲ್ಲಿ ಅದೂ ಇಲ್ಲ. ನನಗೆ ಫುಟ್‌ಬಾಲು ಬೇಡ, ಹೆಸರು ಬೇಡ. ಅಲ್ಲಿ ಗುಡ್ಡದ ನೀರು ಪೈಪಿನಲ್ಲಿ ಮನೆಬಾಗಿಲಿಗೇ ಬರುತ್ತದೆ ಎಂದು ಕೇಳಿದ್ದೆ. ಹಗ್ಗವಿಲ್ಲದ ನೀರು. ಅದೊಂದು ಸಿಕ್ಕಿದರೆ ಸಾಕೆಂದು ದಿನಕ್ಕೆ ಹತ್ತು ಸಲ ಅಂದುಕೊಳ್ಳುತ್ತಿದ್ದೆ.

ರೈಟರು ಒಂದು ಆದಿತ್ಯವಾರ ಕಟ್ಟಿಗೆಯ ಲಾರಿಯಲ್ಲಿ ಬಂದರು. ಎಲ್ಲರೂ ಬೆಂಚು ಹಾಕಿ ಕೊಟ್ಟರೆ ಆ ಮನುಷ್ಯ ಕೂರಲಿಲ್ಲ, ಗೋಲಿನ ಹಿಂದೆ ನನ್ನ ಪಕ್ಕ ಬಂದು ನಿಂತರು. ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಆ ಕಡೆಯವನೊಬ್ಬ ಚೆಂಡು ಒದ್ದ. ದರ್ಜಿ ಹಾರಿದ. ಧೂಳು. ಚೆಂಡು ನನ್ನ ಕೊಡಪಾನಕ್ಕೆ ಬಡಿದು ಕೊಡಪಾನ ಉರುಳಿತು. ಕಂಡಕ್ಟರು ಓಡಿ ಬಂದು ಎಂದಿನಂತೆ ಕೇಳಿದ, ನಾನು ಎಂದಿನಂತೆ ಮೇಲೆ ಎಂದೆ. ಸೀಟಿ ಆಯಿತು.

ರೈಟರು ಕೈಯೆತ್ತಿ ಹಗ್ಗ ಮುಟ್ಟಿ ನೋಡಿದರು. ಹಗ್ಗದ ಸರಿ ನಡುವಿನಲ್ಲಿ, ಎರಡು ಮುಷ್ಟಿಯಷ್ಟು ಜಾಗದಲ್ಲಿ, ನಾರು ಎದ್ದು ಹೋಗಿತ್ತು. ಆ ಜಾಗದಿಂದಾಗಿ ನಾನು ಅತ್ತೆಯ ಹತ್ತಿರ ಬೈಸಿಕೊಂಡದ್ದು ಎಷ್ಟೋ. ನೀರು ಸೇದಲು ಬಾರದವಳು, ಹಗ್ಗ ತಿನ್ನುವವಳು ಎಂದು.

"ಇದು ಬಾವಿ ಹಗ್ಗ ಅಲ್ವಾ ತಂಗಿ? ಇಲ್ಲಿ ಮಾತ್ರ ಯಾಕೆ ಸವೆದದ್ದು?"

"ದರ್ಜಿ ಹಿಡಿದು ಎಳೀತಾರಲ್ಲ, ಚೆಂಡು ಬರುವಾಗ."

"ಈಗ ಚೆಂಡು ಹೋಗುವಾಗ ಹಗ್ಗ ಎಲ್ಲಿ ಇತ್ತು?"

"ಅವರ ಎದೆ ಹತ್ರ."

"ಚೆಂಡು?"

"ತಲೆ ಹತ್ರ. ಅದಕ್ಕೇ ಮೇಲೆ ಅಂತ ಹೇಳಿದ್ದು."

ಆ ಮನುಷ್ಯ ನಗಲು ಶುರುಮಾಡಿದವರು ಬದುವಿನ ಮೇಲೆ ಕೂತೇಬಿಟ್ಟರು. ನನಗೆ ಸಿಟ್ಟು ಬಂತು. ಕಟ್ಟಿದ ಎತ್ತರವೇ ಲೆಕ್ಕ, ಎಳೆದು ಇಳಿಸಿದ್ದು ಲೆಕ್ಕವಲ್ಲ ಎಂದು ನನಗೆ ಯಾರು ಹೇಳಿದ್ದರು? ಹಗ್ಗ ಎಳೆಯುವುದೇ ಗೋಲಿಯ ಕೆಲಸ ಎಂದು ನಾನು ತಿಳಿದಿದ್ದೆ. ಇಲ್ಲದಿದ್ದರೆ ಅಷ್ಟು ಉದ್ದದವನನ್ನು ಅಲ್ಲಿ ಯಾಕೆ ನಿಲ್ಲಿಸುವುದು?

ಆಮೇಲೆ ಆದ ರಂಪ ಬರೆಯುವುದಿಲ್ಲ. ದರ್ಜಿ ತಾಯಾಣೆ ಹಾಕಿದ. ಬ್ಯಾರಿಯವರು ಮಾತ್ರ ತಲೆಗೆ ಕಟ್ಟಿದ ವಸ್ತ್ರ ಬಿಚ್ಚಿ ಮುಖ ಒರೆಸಿಕೊಂಡು, "ನಾನು ಬ್ಯಾಕು ಅಂತ ಗ್ರಹಿಸಿದ್ದೆ ಮಾರಾಯ, ಬ್ಯಾಕು ಹಗ್ಗ ಅಂತಾಯ್ತು," ಎಂದರು. ರೈಟರು ಹೋಗುವಾಗ, ಅಡ್ಡಕ್ಕೆ ಮರ ಹಾಕಿ ಆಡಿ, ಎರಡು ವಾರ ಬಿಟ್ಟು ಬರುತ್ತೇನೆ ಎಂದು ಹೇಳಿ ಹೋದರು.

ಹಗ್ಗವನ್ನು ರಾಟೆಗೆ ಏರಿಸಿ ನಾನು ನೀರು ಸೇದುತ್ತಿದ್ದಾಗ ನಮ್ಮವರು ಬಾವಿಕಟ್ಟೆಗೆ ಬಂದು ನಿಂತರು. ಬೈಯುತ್ತಾರೆಂದುಕೊಂಡೆ.

"ನಾಲ್ಕು ವರ್ಷದಲ್ಲಿ ಎಷ್ಟು ಸಲ ಎಳೆದಿರಬಹುದು?"

"ನಾನು ಈ ಮನೆಗೆ ಬಂದು ಮೂರು ವರ್ಷ. ಆಟಕ್ಕೆ ಎರಡು ಸಲ ಎಳೀತಾರೆ, ಕೆಲವು ಸಲ ಮೂರು. ಮೊದಲಿನ ವರ್ಷದ್ದು ಅತ್ತೆ ಹತ್ರ ಕೇಳಿ."

ಅತ್ತೆಯ ಹತ್ತಿರ ಕೇಳುವ ಧೈರ್ಯ ಅವರಿಗಿರಲಿಲ್ಲ. "ಹಾಗಾದ್ರೆ ನಾನು ಒಳ್ಳೆ ಬ್ಯಾಕು ಹೌದಾ, ಅಲ್ವಾ?" ಎಂದು ಕೇಳಿದರು. ಗೋಲಿನ ಮುಂದೆ ನಿಲ್ಲುವವರಿಗೆ ಹಿಂದೆ ಆಗುವುದು ಕಾಣುವುದಿಲ್ಲ, ಅವರು ನಿಜವಾಗಿಯೂ ಕೇಳಿದ್ದು. ನನಗೆ ಗೊತ್ತಿಲ್ಲ ಎಂದೆ. ಗೊತ್ತಿರಲಿಲ್ಲ. ಸುಮ್ಮನೆ ಸಮಾಧಾನ ಹೇಳಲು ನನಗೆ ಬರುವುದಿಲ್ಲ.

ಮಾರನೇ ದಿನ ಅವರೇ ಒಂದು ಅಡಿಕೆ ಮರ ಸೀಳಿ, ಉದ್ದದ ಸೀಳನ್ನು ಎರಡು ಕಂಬದ ಮೇಲೆ ಅಡ್ಡಕ್ಕಿಟ್ಟು ಮೊಳೆ ಹೊಡೆದರು. ದರ್ಜಿ ಒಂದು ವಾರ ನಮ್ಮ ಮನೆಯ ದಾರಿಯಲ್ಲಿ ಬರಲಿಲ್ಲ, ಆದರೆ ಆಟದ ದಿನ ಬಂದು ಗೋಲಿನಲ್ಲಿ ನಿಂತ.

ಹೇಳಿದ ಹಾಗೆ ರೈಟರೂ ಬಂದರು. ಆಡಲು ಬಂದದ್ದು ಆಲೆಟ್ಟಿ ಕಡೆಯ ಟೀಮು. ಆ ದಿನ ಹಗ್ಗ ಬಾವಿಯಲ್ಲೇ ಇತ್ತು, ನನಗೆ ಗದ್ದೆಯಲ್ಲಿ ಕೆಲಸವಿರಲಿಲ್ಲ. ಆದರೂ ಹೋಗಿ ನಿಂತೆ. ಪೈಪಿನ ನೀರು ನನ್ನ ಕಣ್ಣ ಮುಂದೆಯೇ ಹರಿಯುತ್ತಿತ್ತು.

ಮೊದಲನೆಯದ್ದು ನಮ್ಮವರ ಕಾಲಡಿಯಿಂದಲೇ ನುಸುಳಿತು. ಎರಡನೆಯದ್ದೂ ಮೂರನೆಯದ್ದೂ ಬ್ಯಾರಿಯವರ ಕಡೆಯಿಂದ. ಅವರು ಮುಂದೆ ಹೋದವರು ಹಿಂದೆ ಬರಲಿಲ್ಲ. ಮೂರು ಸಲವೂ ದರ್ಜಿ ಹಾರಿ ಮರಕ್ಕೆ ಕೈ ಹಾಕಿದ, ಮರ ಬಗ್ಗಲಿಲ್ಲ. ನನ್ನನ್ನು ಯಾರೂ ಏನೂ ಕೇಳಬೇಕಾಗಲಿಲ್ಲ.

ಆಟ ಮುಗಿದ ಮೇಲೆ ರೈಟರು ನಮ್ಮವರನ್ನು ಕರೆದು ನನ್ನ ಎದುರೇ ಹೇಳಿದರು: "ನೀನು ಎದುರು ನಿಂತು ತಡೆಯುದರಲ್ಲಿ ಒಳ್ಳೆಯವನೇ. ತಪ್ಪಿದ ಚೆಂಡಿನ ಹಿಂದೆ ತಿರುಗಿ ಓಡುದು ನಿನಗೆ ಅಭ್ಯಾಸ ಇಲ್ಲ. ನಾಲ್ಕು ವರ್ಷ ಓಡುವ ಅಗತ್ಯವೇ ಬರ್ಲಿಲ್ಲ ಅಲ್ವಾ."

ಅವರು ಕರೆದುಕೊಂಡು ಹೋದದ್ದು ಮೂರು ಗೋಲು ಹೊಡೆದವನನ್ನು. ಬ್ಯಾಕು ಹುಡುಕಿ ಬಂದವರು ಮುಂದೆ ಆಡುವವನನ್ನು ಲಾರಿ ಹತ್ತಿಸಿಕೊಂಡು ಹೋದರು. ಗಂಡಸರ ಕೆಲಸವೇ ಹೀಗೆ. ಆಮೇಲೆ ನಾನು ಅದೇ ಬಾವಿಯಿಂದ ಇಪ್ಪತ್ತೆರಡು ವರ್ಷ ನೀರು ಸೇದಿದೆ.

ಈಗ ಹೇಳಿ, ಆ ಬ್ಯಾಕು ಎಷ್ಟು ಒಳ್ಳೆಯದು? ನಾಲ್ಕು ವರ್ಷದ್ದು ಹಗ್ಗಕ್ಕೆ ಸೇರಿದ್ದು. ಮನುಷ್ಯರು ಕಾದದ್ದೆಂದು ನಾನು ಆಣೆಯಿಟ್ಟು ಹೇಳಬಲ್ಲದ್ದು ಒಂದೇ ಒಂದು ಸಂಜೆಯದ್ದು.

ಹೋದ ತಿಂಗಳೂ ಒಂದು ಮದುವೆಯಲ್ಲಿ ಅದೇ ಕಥೆ. ಕಥೆ ಹೇಳಿದವನು ಸಾಕ್ಷಿಗೆ ನಮ್ಮವರ ಕಡೆ ತಿರುಗಿದ: "ಒಂದೇ ಒಂದು ಗೋಲು ಹೋಗ್ಲಿಲ್ಲ, ಅಲ್ವಾ ಅಜ್ಜ?"

"ಮೂರು ಹೋಗಿದೆ," ಎಂದರು ನಮ್ಮವರು. "ಅದರಲ್ಲಿ ನನ್ನದು ಒಂದು."

ಅಜ್ಜನಿಗೆ ಈಗ ಮರೆವು ಎಂದು ಅವನು ಪಕ್ಕದವನಿಗೆ ಹೇಳಿ ಕಥೆ ಮುಂದುವರಿಸಿದ. ನಮ್ಮವರು ಎಲೆಯಿಂದ ಕೈ ತೆಗೆದು ಎದುರು ಸಾಲಿನಲ್ಲಿದ್ದ ನನ್ನ ಮುಖ ನೋಡಿದರು. ಪ್ರತಿ ಸಲವೂ ಹೀಗೆ ನೋಡುತ್ತಾರೆ, ನಾನು ಹೇಳುವವರೆಗೆ ತುತ್ತು ಎತ್ತುವುದಿಲ್ಲ.

"ನಿಮ್ಮದು ಒಂದೇ," ಎಂದೆ. "ಉಣ್ಣಿ ಈಗ."