ಹಣೆಯ ಭಂಡಾರ

ನಮ್ಮದು ಕುರಿ ಸಾಕುವ ಮನೆ, ಬೀರಪ್ಪ ದೇವರ ಒಕ್ಕಲು. ಹತ್ತೊಂಬತ್ತು ತುಂಬಿದ ವರ್ಷ ಆ ಮನೆಯಲ್ಲಿ ನಾನು ಒಬ್ಬರನ್ನೂ ನಂಬುತ್ತಿರಲಿಲ್ಲ. ಅವ್ವ ಪಿಸುಗುಟ್ಟಿದರೆ ನನ್ನ ಮದುವೆಯ ಮಾತೇ ಅನಿಸುತ್ತಿತ್ತು. ನನ್ನನ್ನು ಕೊಡಬೇಕೆಂದಿದ್ದ ಸೋದರಮಾವ ಚಹಾ ಕುಡಿಯಲು ಬಂದರೂ ಮುಹೂರ್ತ ಕೇಳಲು ಬಂದನೆಂದೇ ಲೆಕ್ಕ. ಎಲ್ಲರಿಗಿಂತ ಹೆಚ್ಚು ಅನುಮಾನ ಆಯಿಯ ಮೇಲೆ. ಆಯಿ ಎಂದರೆ ಅಪ್ಪನ ತಾಯಿ. ಹಟ್ಟಿಯಲ್ಲಿ ಒಂದು ಮರಿ ಕಡಿಮೆಯಾದರೆ ಎಣಿಸದೆಯೇ ಹೇಳುವವಳು, ನನ್ನ ಮುಖ ಓದುವುದು ಎಷ್ಟರ ಮಾತು!

ನನಗೆ ಮದುವೆ ಬೇಡವಾಗಿತ್ತು, ನರ್ಸ್ ಆಗಬೇಕಿತ್ತು. ಮಹಾರಾಷ್ಟ್ರದ ಗಡಿಯ ಉಮರ್ಗಾ ಬಸ್ ಸ್ಟ್ಯಾಂಡಿನಲ್ಲಿ ಪರಿಚಯವಾದ ಹೆಂಗಸೊಬ್ಬಳು ಪುಣೆಯಲ್ಲಿ ಕೆಲಸ ಕೊಡಿಸಿ ಕೋರ್ಸಿಗೂ ಸೇರಿಸುತ್ತೇನೆ ಎಂದಿದ್ದಳು. ಅವಳನ್ನು ಮರಾಠಿಯಲ್ಲಿ ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದೆ. ಮನೆಯವರನ್ನೆಲ್ಲ ಅನುಮಾನಿಸುವವಳು ಎರಡೇ ಸಲ ಕಂಡವಳನ್ನು ನಂಬಿದೆ. ಬುದ್ಧಿ ನೋಡಿ ನನ್ನದು.

ಹೊರಟ ದಿನ, ಕಾಸಾರಶಿರಸಿಗೆ ಹೋಗಿ ಹೊಲಿಯಲು ಕೊಟ್ಟ ಬಟ್ಟೆ ತರುತ್ತೇನೆ ಎಂದೆ. ಅಷ್ಟು ಹೇಳಿ ಸುಮ್ಮನೆ ಹೋಗಬಾರದೆ? ಬೀರಪ್ಪನನ್ನು ಬಿಟ್ಟು ಹೊರಡಲು ಧೈರ್ಯ ಬರಲಿಲ್ಲ. ದೇವರ ಜಗಲಿಯ ಬಟ್ಟಲಿನಿಂದ ಅರಿಶಿನದ ಭಂಡಾರ ತೆಗೆದು ಹಣೆತುಂಬ ಬಳಿದುಕೊಂಡೆ. ನಮ್ಮ ಮನೆಯಲ್ಲಿ ಹಾಗೆ ಬಳಿದುಕೊಳ್ಳುವುದು ದೂರದ ದಾರಿ ಹಿಡಿಯುವವರು, ಕುರಿ ಹೊಡೆದುಕೊಂಡು ತಿಂಗಳುಗಟ್ಟಲೆ ಹೋಗುವವರು ಮಾತ್ರ. ಬಟ್ಟೆ ತರಲು ಹೋಗುವವರಿಗೆ ಭಂಡಾರ ಯಾಕೆ? ಬಾಗಿಲಲ್ಲಿ ಕೂತಿದ್ದ ಆಯಿ ನನ್ನ ಹಣೆ ನೋಡಿದಳು. ಕಳ್ಳನ ಮನಸ್ಸು ಹುಳ್ಳುಳ್ಳಗೆ. ದಾರಿಯುದ್ದಕ್ಕೂ ನಾನು ಬಸ್ಸಿನಲ್ಲಿ ಹಿಂದೆ ತಿರುಗಿ ನೋಡುತ್ತಲೇ ಇದ್ದೆ.

ಉಮರ್ಗಾದಲ್ಲಿ ಮಾವಶಿ ಕಾಯುತ್ತಿದ್ದಳು. ಮೊದಲು ಕೇಳಿದ್ದೇ ನನ್ನ ಆಧಾರ್ ಕಾರ್ಡು ಮತ್ತು ಫೋನು. ಕಳೆದುಹೋಗಬಾರದೆಂದು ತಾನೇ ಇಟ್ಟುಕೊಳ್ಳುತ್ತಾಳಂತೆ. ಎರಡನ್ನೂ ಕೊಡಲು ಕೈ ಚಾಚಿದ್ದೆ, ಪಕ್ಕದಲ್ಲಿ ಯಾರೋ ಬಂದು ಧೊಪ್ಪೆಂದು ಕೂತರು. ಆಯಿ! ನನ್ನ ಬಸ್ಸಿನ ಹಿಂದಿನಿಂದಲೇ ಜೀಪು ಹಿಡಿದು ಬಂದಿದ್ದಳು. ಸೆರಗನ್ನು ಹುಬ್ಬಿನವರೆಗೆ ಎಳೆದುಕೊಂಡು, ಯಾವ ಊರು, ಯಾರ ಮನೆ, ಹುಡುಗಿಯನ್ನು ಎಲ್ಲಿಗೆ ಒಯ್ಯುತ್ತೀ, ಪುಣೆಯೆಂದರೆ ಅಲ್ಲಿ ಎಲ್ಲಿ ಇರಿಸುತ್ತೀ ಎಂದು ತನ್ನ ಹರಕುಮುರುಕು ಮರಾಠಿಯಲ್ಲಿ ಮಾವಶಿಯನ್ನು ಕೇಳುತ್ತಾ ಹೋದಳು. ಬಸ್ ವಿಚಾರಿಸಿ ಬರುತ್ತೇನೆಂದು ಎದ್ದುಹೋದ ಮಾವಶಿ ತಿರುಗಿ ಬರಲೇ ಇಲ್ಲ. ಅವಳು ಮೋಸಗಾತಿಯೋ, ಮುದುಕಿಯ ಪ್ರಶ್ನೆಗಳಿಗೆ ಬೇಸತ್ತವಳೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಆದರೆ ಆಗ ನನ್ನ ಸಿಟ್ಟು ನೆತ್ತಿಗೇರಿದ್ದು ಆಯಿಯ ಮೇಲೆ.

"ನನ್ನ ಎಳಕೊಂಡು ಹೋಗಿ ಮಾವನ ಕೊರಳಿಗಿ ಕಟ್ಟಲಾಕ ಬಂದೀ?" ಎಂದೆ.

ಆಯಿ ಸೆಕೆಗೆ ಸೆರಗು ಹಿಂದಕ್ಕೆ ಸರಿಸಿದಳು. ಅವಳ ಹಣೆತುಂಬ ಭಂಡಾರ. ತೊಡೆಯ ಮೇಲಿನ ಗಂಟಿನಲ್ಲಿ ಅವಳ ಕಂಬಳಿ, ಇಬ್ಬರಿಗೆ ಮೂರು ದಿನ ಸಾಲುವಷ್ಟು ಒಣಗಿದ ಕಟಕ ರೊಟ್ಟಿ.

"ಎಳಕೊಂಡು ಹೋಗಲಾಕಲ್ಲವ್ವಾ," ಎಂದಳು. "ಒಬ್ಬಾಕಿನೇ ಹೊಂಟೀ ಅಂತ ಅಂಜಿಕಿ ಬಂತು. ಪುಣಾಕ ಹೋಗೂ ಗಾಡಿ ಯಾವದಂತ ಕೇಳಕೊಂಡು ಬಾ."