ಬಕೆಟ್ಟಿನಲ್ಲಿ ನೆನೆದ ಲಗಾಮು

ಹೋದ ವರ್ಷ ಚಿಗಳ್ಳಿಯ ನಮ್ಮ ಕಾಕಾ ಮದುವೆ ಮೆರವಣಿಗೆಗಳಿಗೆಂದು ಒಂದು ಹೆಣ್ಣುಗುದುರೆ ಕೊಂಡರು. ಅಂಗಡಿಯ ಲಗಾಮು ತಮ್ಮ ಘನತೆಗೆ ಸಾಲದೆಂದು ಹಳಿಯಾಳದ ಕಡೆಯ ಮುದುಕನೊಬ್ಬನಿಂದ ಎಮ್ಮೆಯ ಹಸಿ ತೊಗಲಿನ ಲಗಾಮು ಹೆಣೆಸಿದರು. ಹದ ಮಾಡದ ತೊಗಲಿನ ಕೂದಲು ಹೆರೆದು, ಸಣ್ಣ ಎಳೆಗಳಾಗಿ ಸೀಳಿ, ಒದ್ದೆಯಿದ್ದಾಗಲೇ ಬಿಗಿಯಾಗಿ ಹೆಣೆದು ನೆರಳಲ್ಲಿ ಒಣಗಿಸುತ್ತಾರೆ. ಒಣಗಿದರೆ ಬಲು ಗಟ್ಟಿ. ನೀರು ಕುಡಿದರೆ ಮತ್ತೆ ಕರುಳಿನಂತೆ ಜೋಲುತ್ತದೆ.

ತಂದುಕೊಟ್ಟ ದಿನ ನಾನಲ್ಲಿದ್ದೆ. ಮುದುಕನೂ ಬಡಾಯಿಗೆ ಕಡಿಮೆಯಿರಲಿಲ್ಲ.

"ಆನಿ ಕಟ್ಟಿದ್ರೂ ಹರಿಯಾಂಗಿಲ್ರಿ ಗೌಡ್ರ. ನೀರೊಂದು ತಾಗಸಬ್ಯಾಡ್ರಿ."

ಕಾಕಾ ಕೈಚಾಚಲಿಲ್ಲ. "ಅಲ್ಲೇ ಕಟ್ಟಿ ಮ್ಯಾಲ ಇಡು" ಎಂದರು. ಅವನು ಹೋದದ್ದೇ ಕಾಕಾನ ಹೆಂಡತಿ, ನಮ್ಮ ಕಾಕು, ಬಕೆಟ್ಟಿನಲ್ಲಿ ನೀರು ತಂದರು.

"ನೀರು ಬ್ಯಾಡ ಅಂದಾನಲ್ರಿ ಕಾಕು" ಎಂದೆ.

"ಅವರ ಮನಿಂದ ಬಂದದ್ದು ತೊಳೀದ ಹೆಂಗ ಒಳಗ ತರೂದು? ನಮ್ಮ ಮನಿ ರೀತಿ ಅವಗೇನು ಗೊತ್ತು?"

ಲಗಾಮು ಸಂಜೆಯವರೆಗೆ ನೆನೆಯಿತು. ಕಾಕು ನೀರಿಗೆ ವಿಭೂತಿ ಉದುರಿಸಿದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ, ಆದರೆ ಈ ನೆನಪನ್ನು ನಾನು ನಂಬುವುದಿಲ್ಲ. ಸಿಟ್ಟಿನಲ್ಲಿ ಆಮೇಲೆ ನಾನೇ ಮನಸ್ಸಿನಲ್ಲಿ ಉದುರಿಸಿಕೊಂಡಿರಬಹುದು. ಬಕೆಟ್ಟು ಮಾತ್ರ ನಿಜ. ಕಾಕಾನ ಚರ್ಮದ ಬೆಲ್ಟು ದೇವರ ಕೋಣೆಯ ಪಕ್ಕದ ಮೊಳೆಯಲ್ಲೇ ತೂಗುತ್ತಿದ್ದದ್ದೂ ನಿಜ. ಅದನ್ನು ಯಾರೂ ತೊಳೆದವರಲ್ಲ. ಅಂಗಡಿಯಿಂದ ಬಂದ ತೊಗಲಿಗೆ ಜಾತಿ ಇರುವುದಿಲ್ಲ.

ಮರುದಿನ ಲಗಾಮು ನಾರುತ್ತಿತ್ತು, ಎಳೆದಷ್ಟೂ ಉದ್ದವಾಗುತ್ತಿತ್ತು. ಮುದುಕ ಕೊಳೆತ ತೊಗಲು ಕೊಟ್ಟು ಮೋಸ ಮಾಡಿದನೆಂದು ಕಾಕಾ ಊರೆಲ್ಲ ಹೇಳಿದರು. ಕುಳಗಿ ರಸ್ತೆಯ ರೆಸಾರ್ಟೊಂದು ತನ್ನ ಸವಾರಿ ಕುದುರೆಗಳ ಲಗಾಮಿನ ಕೆಲಸವನ್ನು ಅವನಿಗೆ ಕೊಡುವುದರಲ್ಲಿತ್ತು. ಮಾತು ಅಲ್ಲಿಯವರೆಗೂ ಹೋಯಿತು.

ಮುದುಕ ಮತ್ತೆ ಬಂದು ಅಂಗಳದಲ್ಲಿ ನಿಂತ. "ನನ್ನ ಕೆಲಸ ಹೊಂಟೈತ್ರಿ. ನೀರಾಗ ಹಾಕಿದ್ವಿ ಅಂತ ಅವರಿಗೆ ಒಂದ್ಮಾತು ಹೇಳ್ರಿ."

"ತೊಳದ್ರ ಹಾಳಾಗೂದು ಎಂಥಾ ಲಗಾಮೋ ಅದು?" ಎಂದರು ಕಾಕಾ.

"ನೆನಸಿದ್ದು ನಾವ ಅಲ್ಲೇನ್ರಿ ಕಾಕಾ" ಎಂದೆ. ನೆಟ್ಟಗೆ ಹೇಳಿದೆನೋ ಗೊಣಗಿದೆನೋ ಗೊತ್ತಿಲ್ಲ.

"ಇದಕ್ಕ ನಿನಗ ಎಂ.ಎ. ಓದಿಸಿದ್ದು?" ಎಂದು ಕಾಕಾ ಮೊಬೈಲಿಗೆ ಮರಳಿದರು.

ಮುದುಕನ ಎದುರಿಗೇ ರೆಸಾರ್ಟಿಗೆ ನಾನೇ ಫೋನ್ ಮಾಡಿ ನಡೆದದ್ದು ಹೇಳಿದೆ. ಒಂದು ಮಾಡಿ ತರಲಿ, ನೋಡೋಣ ಎಂದರು. ಇದನ್ನು ಕೇಳಿದ್ದೇ ಕಾಕಾನ ದನಿ ಮೆತ್ತಗಾಯಿತು.

"ಹಂಗಾರ ನನಗೂ ಇನ್ನೊಂದು ಹೆಣಿಯಪ್ಪ."

"ಹೆಣೀತೇನ್ರಿ. ಆದ್ರ ತಂದು ಕೊಡಾಂವಲ್ಲ. ನೀವ ನಮ್ಮನಿಗೆ ಬಂದು ನನ್ನ ಕೈಯಿಂದ ತಗೊಂಡು ಹೋಗ್ರಿ."

ಮುಂದಿನ ವಾರ ಪಾಳಾ ಊರಿನ ಮದುವೆಗೆ ಕುದುರೆ ಹಸಿರು ನೈಲಾನ್ ಹಗ್ಗ ಕಟ್ಟಿಕೊಂಡು ಹೋಯಿತು. ಕಾಕಾ ಅದನ್ನು ಹಿಡಿದು ಬೀಗರಿಗೆ ವಿವರಿಸುತ್ತಿದ್ದರು: "ತೊಗಲಿನ ಕಾಲ ಮುಗೀತ್ರಿ. ಈಗ ಎಲ್ಲಾರೂ ಇದನ್ನ ಹಾಕ್ತಾರ."