ಅಂಥ ಪದವೇ ಇಲ್ಲವಂತೆ

ಲೈಬ್ರರಿ ಎಂದರೆ ಪುಸ್ತಕದ ಮನೆ ಅಂದುಕೊಳ್ಳಬೇಡಿ. ಯಾರೋ ಪುಣ್ಯಾತ್ಮರು ಬರೆದು ಇಂಟರ್ನೆಟ್ಟಿನಲ್ಲಿ ಬಿಟ್ಟ ಕೋಡನ್ನೂ ನಾವು ಕಂಪ್ಯೂಟರಿನವರು ಲೈಬ್ರರಿ ಎಂದೇ ಕರೆಯುತ್ತೇವೆ. ನಾನು ನಂಬಿ ಕೆಟ್ಟಿದ್ದು ಅಂಥದೊಂದನ್ನು. ಇಂಗ್ಲಿಷ್ ಪದ ಕೊಟ್ಟರೆ ಅರ್ಥ ತಂದುಕೊಡುತ್ತಿತ್ತು. ಅದರ ಹತ್ತಿರ ಸ್ವಂತದ್ದು ಅಂತ ಒಂದು ಪದವೂ ಇಲ್ಲ. ಯಾವುದೋ ವೆಬ್‌ಸೈಟಿಗೆ ಹೋಗಿ ಹೆಕ್ಕಿಕೊಂಡು ಬರುವುದಷ್ಟೇ ಕೆಲಸ.

ಅದನ್ನು ಬಳಸಿ ಹೆಮ್ಮಿಗೆಯಲ್ಲಿರುವ ನನ್ನ ಅತ್ತಿಗೆಗೆ ಒಂದು ಆ್ಯಪ್ ಮಾಡಿಕೊಟ್ಟೆ. ಮದುವೆಯಾದಾಗ ಅವರಿಗೆ ಪಿಯುಸಿಯಲ್ಲಿ ಇಂಗ್ಲಿಷ್ ಒಂದು ಉಳಿದುಬಿಟ್ಟಿತ್ತು. ಅದು ಪಾಸಾದರೆ ನರ್ಸಿಂಗ್ ಸೇರಬಹುದು. ಇದೇ ಕೊನೆಯ ಸಲ, ಆಗಲಿಲ್ಲವಾದರೆ ಹಸುವಿನ ಹಾಲು ಕರೆದುಕೊಂಡು ತೆಪ್ಪಗಿರು ಎಂದು ಅಣ್ಣ ಕಡ್ಡಿ ಮುರಿದ ಹಾಗೆ ಹೇಳಿದ್ದ.

ಪರೀಕ್ಷೆಯ ಹಿಂದಿನ ದಿನ ನಂಜನಗೂಡಿನಿಂದ ನರಸೀಪುರಕ್ಕೆ ಬಂದು, ಇನ್ನೊಂದು ಬಸ್ಸು ಹಿಡಿದು ಊರಿಗೆ ಹೋದೆ. ಜಗಲಿಯ ಮೇಲೆ ಅತ್ತಿಗೆಯ ಗೈಡು. ತೆರೆದರೆ ಅರ್ಧಕ್ಕರ್ಧ ಪದಗಳ ಮೇಲೆ ಪೆನ್ಸಿಲ್ಲಿನ ಗೀಟು. ಯಾಕೆ ಅಂತ ಕೇಳಿದೆ. ಈಚೆಗೆ ನಿನ್ನ ಆ್ಯಪು ನಾನು ಕೇಳಿದ ಈ ಪದಗಳೆಲ್ಲ ಇಲ್ಲವೇ ಇಲ್ಲ ಅನ್ನುತ್ತಿದೆ, ಬಸ್ ಸ್ಟ್ಯಾಂಡಿನ ಅಂಗಡಿಯ ಗೈಡಿನಲ್ಲಿ ಪ್ರಿಂಟ್ ತಪ್ಪು ಇದ್ದೇ ಇರುತ್ತದಲ್ಲ, ಅದಕ್ಕೇ ಹೊಡೆದುಹಾಕಿ ಮಿಕ್ಕಿದ್ದನ್ನು ಓದಿದೆ ಎಂದರು. ಮಿಕ್ಕಿದ್ದೇನಿತ್ತು, ಮಣ್ಣು!

ಫೋನು ಕಿತ್ತುಕೊಂಡು ನೋಡಿದೆ. ಆ ವೆಬ್‌ಸೈಟಿನವರು ಪುಟದ ರೂಪವನ್ನೇ ಬದಲಾಯಿಸಿದ್ದರು. ಹೊಸ ಪುಟದಲ್ಲಿ ಲೈಬ್ರರಿಗೆ ಅರ್ಥ ಸಿಗುತ್ತಿರಲಿಲ್ಲ. ಸಿಗದಿದ್ದರೆ ಸಿಗಲಿಲ್ಲ ಅನ್ನಬೇಕು ತಾನೇ? ವಾಟರ್ ಅಂತ ಹಾಕಿದರೂ ‘ಅಂಥ ಪದವಿಲ್ಲ’ ಎಂಬ ಒಂದೇ ಉತ್ತರ. ಮೈಯೆಲ್ಲ ಉರಿದುಹೋಯಿತು. ಅದನ್ನು ಬರೆದ ಮಹಾನುಭಾವ ಕೈಗೆ ಸಿಕ್ಕಿದ್ದರೆ ನಾಲ್ಕು ಬಿಡುತ್ತಿದ್ದೆ.

ಗೈಡು ಸರಿಯಾಗೇ ಇದೆ, ಕೆಟ್ಟಿರುವುದು ಆ್ಯಪು ಎಂದೆ. ಅತ್ತಿಗೆ ಗೈಡನ್ನು ತಮ್ಮ ಕಡೆ ಎಳೆದುಕೊಂಡರು.

“ಗೊತ್ತಿಲ್ಲ ಅನ್ನಕ್ಕೆ ಅದ್ಕೇನವ್ವ ರೋಗ? ನಾಳೆ ನಂಗೆ ಉತ್ತರ ಗೊತ್ತಿಲ್ದೇ ಹೋದ್ರೆ, ಪ್ರಶ್ನೇನೇ ಇಲ್ಲ ಅಂತ ಬರ್ದ್‌ಬುಟ್ಟು ಬರ್ಲಾ?”

ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಗೀಟು ಬಿದ್ದ ಮೊದಲ ಪದದ ಮೇಲೆ ಬೆರಳಿಟ್ಟು ಅರ್ಥ ಕೇಳಿದರು. ಹೇಳಿದೆ. ಮುಂದಿನದನ್ನೂ ಹೇಳಿದೆ. ಅದರ ಮುಂದಿನದನ್ನು ಎರಡು ಸಲ ಓದಿಕೊಂಡೆ.

“ಗೊತ್ತಿಲ್ಲ ಅತ್ತಿಗೆ.”

“ಸರಿ ಬುಡು, ಇನ್ಯಾರ್ನಾದ್ರೂ ಕೇಳ್ತೀನಿ” ಎಂದು ಅವರು ಗೀಟನ್ನು ರಬ್ಬರಿನಿಂದ ಅಳಿಸಿದರು. ಪದದ ಪಕ್ಕ ಒಂದು ಚುಕ್ಕಿ ಇಟ್ಟು ಮುಂದಕ್ಕೆ ಹೋದರು.